ಸತ್ತವನ ಪಾತ್ರಕ್ಕೆ ಒಂದು ಮುಖ

ಹೆಣ ನಗುತ್ತಿದೆ, ಸರಿಮಾಡಿ ಎಂದು ಮುಂಬೈಯಿಂದ ಸಂದೇಶ ಬಂದಾಗ ನಾನು ಅಬ್ಬಿಗೆರೆಯ ನನ್ನ ಶೆಡ್ಡಿನಲ್ಲಿ ಕುಳಿತು ಅದೇ ಹೆಣಕ್ಕೆ ಹುಬ್ಬು ನೆಡುತ್ತಿದ್ದೆ. ಹುಬ್ಬು ನೆಡುವುದೆಂದರೆ ಒಂದೊಂದೇ ಕೂದಲನ್ನು ಸೂಜಿಯ ತುದಿಗೆ ಸಿಕ್ಕಿಸಿ ಸಿಲಿಕಾನ್ ಚರ್ಮದೊಳಗೆ ಚುಚ್ಚುವುದು. ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಿಟ್ಟಿನಲ್ಲೇ ಫೋನು ಪಕ್ಕಕ್ಕಿಟ್ಟು ಮುಖವನ್ನು ನೋಡಿದೆ. ನಾನು ಕಳಿಸಿದ್ದ ಫೋಟೋ ನೋಡಿ ನಿರ್ದೇಶಕರು ಹೇಳಿದ್ದು ನಿಜ. ತುಟಿಯ ಎಡ ತುದಿ ಒಂದಿಷ್ಟು ಮೇಲೆದ್ದಿತ್ತು. ಬೆಳಗಿನಿಂದ ಅದರ ಮೇಲೆಯೇ ಬಗ್ಗಿ ಕುಳಿತಿದ್ದ ನನಗೆ ಅದು ಕಂಡಿರಲಿಲ್ಲ.

ಸಿನಿಮಾದವರಿಗೆ ಗಾಯ, ಸುಟ್ಟ ಚರ್ಮ, ಕತ್ತರಿಸಿದ ಕೈ, ಹೆಣ ಮಾಡಿಕೊಡುವುದು ನನ್ನ ಕಸುಬು. ಆ ಸಲ ಕೈಗೆ ಬಂದದ್ದು ಹಿಂದಿಯ ಒಂದು ಪೊಲೀಸ್ ಸಿನಿಮಾ. ಓಟ, ಗುಂಡು, ಜೀಪು ಎಲ್ಲ ಇದ್ದರೂ ಕಥೆ ನಿಂತಿದ್ದು ಒಂದು ದೃಶ್ಯದ ಮೇಲೆ. ಎನ್‌ಕೌಂಟರಿನಲ್ಲಿ ಒಬ್ಬನನ್ನು ಹೊಡೆದ ಇನ್‌ಸ್ಪೆಕ್ಟರ್ ಶವಾಗಾರಕ್ಕೆ ಬಂದು ಬಿಳಿ ಬಟ್ಟೆ ಸರಿಸುತ್ತಾನೆ. ತಾನು ಕೊಂದದ್ದು ಬೇರೆ ಯಾರನ್ನೋ ಎಂದು ಅವನಿಗೆ ಆಗ ಗೊತ್ತಾಗುತ್ತದೆ. ಕ್ಯಾಮೆರಾ ಆ ಮುಖದ ಮೇಲೆ ಬಹಳ ಹೊತ್ತು ನಿಲ್ಲಬೇಕು, ಡಾಕ್ಟರ್ ಹಣೆಯಿಂದ ಗುಂಡು ತೆಗೆಯಬೇಕು. ಬದುಕಿರುವವನನ್ನು ಮಲಗಿಸಿದರೆ ರೆಪ್ಪೆ ಅದುರುತ್ತದೆ, ಕುತ್ತಿಗೆಯ ನರ ಬಡಿಯುತ್ತದೆ. ಹಾಗಾಗಿ ಬೊಂಬೆ ಬೇಕಿತ್ತು. ಯಶವಂತಪುರದಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯೊಳಗೆ ಪೊಲೀಸ್ ಠಾಣೆ, ಶವಾಗಾರ ಎರಡರ ಸೆಟ್ಟೂ ಎದ್ದಿತ್ತು.

ಸಾಯುವ ಪಾತ್ರ ಅಮೃತಹಳ್ಳಿಯ ಒಬ್ಬ ಫೈಟರ್‌ನದು. ಹತ್ತಾರು ಸಿನಿಮಾಗಳಲ್ಲಿ ಹೀರೋಗಳ ಕೈಯಲ್ಲಿ ಒದೆ ತಿಂದಿದ್ದವನು. ಮುಖ ಕಾಣುವಂಥ ಪಾತ್ರ ಇದೇ ಮೊದಲು ಎಂದು ಖುಷಿಯಲ್ಲಿದ್ದ. ಅಪ್ಪ ಇಲ್ಲ. ಅಮ್ಮ ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಚೂರು ಜಾಗದಲ್ಲಿ ಹಸು ಕಟ್ಟಿಕೊಂಡು ಸುತ್ತಲ ಮನೆಗಳಿಗೆ ಹಾಲು ಹಾಕುತ್ತಾರೆ ಎಂದು ಅವನೇ ಹೇಳಿದ. ಅಚ್ಚು ತೆಗೆಯುವ ದಿನ ನನ್ನ ಶೆಡ್ಡಿಗೆ ಬಂದು ಗೋಡೆಗೆ ತೂಗುಹಾಕಿದ ಕೈಕಾಲುಗಳನ್ನೆಲ್ಲ ನೋಡಿ, ಒಂದು ರಬ್ಬರ್ ಕೈಗೆ ತಾನೇ ಕೈ ಕೊಟ್ಟು ಕುಲುಕಿ ಕುರ್ಚಿಯಲ್ಲಿ ಕುಳಿತ.

ಮುಖದ ಅಚ್ಚು ತೆಗೆಯುವಾಗ ಮೂಗಿಗೆ ಸ್ಟ್ರಾ ತುರುಕುತ್ತಾರೆ ಎಂದು ಜನ ತಿಳಿದಿದ್ದಾರೆ. ನಾವು ತುರುಕುವುದಿಲ್ಲ. ಮೂಗಿನ ಹೊಳ್ಳೆ ಬಿಟ್ಟು ಸುತ್ತ ಬಳಿಯುತ್ತೇವೆ. ತಲೆಗೆ ಟೋಪಿ ಅಂಟಿಸಿ, ಹುಬ್ಬು ರೆಪ್ಪೆಗಳಿಗೆ ವ್ಯಾಸಲೀನ್ ಸವರಿ, ಹಲ್ಲಿನ ಡಾಕ್ಟರುಗಳು ಬಳಸುವಂಥದೇ ಪುಡಿಯನ್ನು ನೀರಲ್ಲಿ ಕಲಸಿ ಹಣೆಯಿಂದ ಕೆಳಗೆ ಇಳಿಸುತ್ತ ಬರಬೇಕು. ಅದು ಗಟ್ಟಿಯಾಗುವುದರೊಳಗೆ ಪ್ಲಾಸ್ಟರ್ ಪಟ್ಟಿ ಸುತ್ತಬೇಕು. ಒಳಗಿರುವವನಿಗೆ ಕಣ್ಣು ಕಾಣದು, ಬಾಯಿ ತೆರೆಯುವಂತಿಲ್ಲ, ಕಿವಿಯೂ ಅರ್ಧ ಮುಚ್ಚಿರುತ್ತದೆ. ಕೆಲವರು ಹೆದರಿ ಕಿತ್ತೆಸೆದು ಎದ್ದಿದ್ದಾರೆ. ಆದ್ದರಿಂದ ನಾನು ಮಾತಾಡುತ್ತಲೇ ಇರುತ್ತೇನೆ, ಅವರು ಹೆಬ್ಬೆರಳು ಎತ್ತಿ ಉತ್ತರ ಕೊಡಬೇಕು.

ಅವನ ಮುಖದ ಮೇಲೆ ಪಟ್ಟಿ ಸುತ್ತುವಾಗ ಅವನ ಎದೆ ಏಳುವುದು ನಿಂತಂತೆ ಕಂಡಿತು. ಗಾಬರಿಯಲ್ಲಿ ನನಗೆ ನನ್ನ ಹುಬ್ಬಳ್ಳಿ ಮಾತೇ ಬರುತ್ತದೆ. "ಉಸಿರಾಡಾಕ ತ್ರಾಸ ಆಗಾಕತ್ತೇತೇನ್ರೀ?" ಎಂದೆ. ಅವನ ಹೊಟ್ಟೆ ಕುಲುಕಿತು. ಹೆಬ್ಬೆರಳು ಮೇಲೆದ್ದಿತು. ಅಚ್ಚು ಕಳಚಿದ ಮೇಲೆ ಬಿದ್ದು ಬಿದ್ದು ನಕ್ಕ. "ತ್ರಾಸ ಅಂದ್ರಲ್ಲ ಅಕ್ಕಾ, ಅಲ್ಲೇ ಸತ್ತೆ ಅನ್ಕೊಂಡೆ. ನಗೋ ಹಾಗಿಲ್ಲ, ಸುಮ್ನಿರೋಕೂ ಆಗ್ತಿಲ್ಲ" ಎಂದ. ಹುಬ್ಬಿನಲ್ಲಿ ಅಂಟಿದ್ದ ಚೂರುಗಳನ್ನು ನಾನು ಬಿಡಿಸುವಾಗಲೂ ತುಟಿ ಕಚ್ಚಿಕೊಂಡು ಕುಳಿತಿದ್ದ.

ಆ ನಗು ಅಚ್ಚಿನಲ್ಲಿ ಕೂತುಬಿಟ್ಟಿತ್ತು.

ಅದನ್ನು ತೆಗೆಯುವುದು ಕಷ್ಟದ ಕೆಲಸ ಎಂದು ನಾನು ತಿಳಿದಿರಲಿಲ್ಲ. ಅಚ್ಚಿನಿಂದ ಮಣ್ಣಿನ ಮುಖ ಮಾಡಿಕೊಂಡೆ, ತುಟಿಯ ತುದಿ ಕೆಳಗಿಳಿಸಿದೆ, ಹೊಸ ಅಚ್ಚು ತೆಗೆದು ಮತ್ತೆ ಸಿಲಿಕಾನ್ ಸುರಿದೆ. ಬಿಡಿಸಿ ನೋಡಿದರೆ ಇನ್ನೂ ನಗುತ್ತಿತ್ತು. ಕೈವಾರ ಇಟ್ಟು ಅಳೆದೆ. ತುಟಿಯ ಎರಡು ತುದಿಗಳೂ ಸಮ. ಆದರೂ ನಗು. ಟ್ಯೂಬ್‌ಲೈಟ್ ಆರಿಸಿ ಬಾಗಿಲ ಬೆಳಕಿನಲ್ಲಿ ನೋಡಿದೆ, ಇನ್ನೂ ಹೆಚ್ಚು ಕಂಡಿತು. ಈಗ ಬಾಯಿಗೂ ಆ ನಗುವಿಗೂ ಸಂಬಂಧವೇ ಇರಲಿಲ್ಲ. ಅದಕ್ಕೇ ಅದು ಮೊದಲಿಗಿಂತ ಭಯ ಹುಟ್ಟಿಸುವಂತಿತ್ತು.

ಒಂದು ಕೈಯಿಂದ ಬಾಯಿ ಮುಚ್ಚಿ, ಆಮೇಲೆ ಕೆನ್ನೆ ಮುಚ್ಚಿ, ಹುಡುಕುತ್ತ ಹೋದ ಮೇಲೆ ಸಿಕ್ಕಿತು. ನಗು ಇದ್ದದ್ದು ಕಣ್ಣಿನ ಕೆಳರೆಪ್ಪೆಯಲ್ಲಿ. ತಡೆದುಕೊಂಡ ನಗು ಅಲ್ಲಿ ಹೋಗಿ ಸೇರುತ್ತದೆ. ಮೂರನೆಯ ಸಲ ಕೆನ್ನೆಯನ್ನು ಕೆಳಗೆ ಜಾರಿಸಿದೆ, ರೆಪ್ಪೆಯ ಬಿಗಿ ಬಿಡಿಸಿದೆ, ದವಡೆಯನ್ನು ಕೂದಲೆಳೆಯಷ್ಟು ಸಡಿಲ ಮಾಡಿದೆ. ಈಗ ಅದು ಹೆಣವಾಯಿತು. ಬೂದುಬಣ್ಣ ಹಾಕಿ, ಹಣೆಗೆ ಗುಂಡಿನ ತೂತು ಕೊರೆದು ಫೋಟೋ ಕಳಿಸಿದೆ. ನಿರ್ದೇಶಕರು ಮೆಚ್ಚಿದರು.

ಮೊದಲನೆಯ ಮುಖವನ್ನು ಎಸೆಯಬೇಕಿತ್ತು. ಅಷ್ಟು ಹುಬ್ಬು ನೆಟ್ಟಿದ್ದೆ, ರೆಪ್ಪೆ ಹಾಕಿದ್ದೆ, ಬೂದು ಹಚ್ಚುವ ಮೊದಲಿನ, ಬದುಕಿದವರ ಮೈಬಣ್ಣ ಕೂರಿಸಿದ್ದೆ. ಎಸೆಯಲು ಮನಸ್ಸು ಬರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಒಂದು ಹಳೆ ಬೊಂಬೆಯ ಮೈಗೆ ಸಿಕ್ಕಿಸಿ ಬಟ್ಟೆ ಮುಚ್ಚಿಟ್ಟೆ. ಬೆಳಿಗ್ಗೆ ಮತ್ತಿಕೆರೆಯ ಮನೆಯಿಂದ ಬಂದು ಬಾಗಿಲು ತೆರೆದರೆ ಬಟ್ಟೆ ನೆಲದ ಮೇಲಿತ್ತು. ಸಿಲಿಕಾನ್ ಒಣಗಿದ ಮೇಲೂ ಎಣ್ಣೆ ಬಿಡುತ್ತದೆ, ಬಟ್ಟೆ ಜಾರುತ್ತದೆ. ಇದು ನನಗೆ ಗೊತ್ತಿರುವ ವಿಷಯ. ಮತ್ತೆ ಹೊದಿಸಿದೆ. ಮರುದಿನವೂ ನೆಲದ ಮೇಲಿತ್ತು. ದಪ್ಪ ಬಟ್ಟೆ ಹೊದಿಸಿದೆ, ಅದೂ ಜಾರಿತು. ಒಂದು ಮಧ್ಯಾಹ್ನ ಶೆಡ್ಡಿನ ಒಡತಿ ಕಿಟಕಿಯಿಂದ ಬಗ್ಗಿ ನೋಡಿ, ಒಳಗೆ ಬರದೆ, ದನಿ ತಗ್ಗಿಸಿ ಮಾತಾಡಿದರು. ಯಾಕೆ ಎಂದು ಕೇಳಿದರೆ ಮಲಗಿರುವವರಿಗೆ ಎಚ್ಚರವಾದೀತು ಎಂದರು. ಬೊಂಬೆ ಎಂದು ಹೇಳಿದ ಮೇಲೆ ಅವರು ಆ ಕಿಟಕಿಯ ಕಡೆ ಬರುವುದನ್ನೇ ಬಿಟ್ಟರು. ನಾನೂ ಅದಕ್ಕೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟೆ. ಎದುರಿಗಿದ್ದರೇ ವಾಸಿ ಅನಿಸುತ್ತಿತ್ತು.

ಶವಾಗಾರದ ದೃಶ್ಯ ಯಶವಂತಪುರದ ಸೆಟ್ಟಿನಲ್ಲಿ ಒಂದೇ ದಿನದಲ್ಲಿ ಮುಗಿಯಿತು. ಹೀರೋ ಬಟ್ಟೆ ಸರಿಸಿದವರು ಮಾತು ಮರೆತು ಹಿಂದೆ ಸರಿದರು. ಅದನ್ನೇ ಇಟ್ಟುಕೊಳ್ಳೋಣ ಎಂದರು ನಿರ್ದೇಶಕರು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಅಷ್ಟು ಜನ ಇದ್ದರೂ ಯಾರೂ ಚಹಾ ಲೋಟ ಹಿಡಿದು ಆ ಮೇಜಿನ ಹತ್ತಿರ ಹೋಗಲಿಲ್ಲ.

ನಮ್ಮಲ್ಲಿ ಒಂದು ವಾಡಿಕೆಯಿದೆ. ಸತ್ತಂತೆ ನಟಿಸಿದವರು ಶಾಟ್ ಮುಗಿದ ಕೂಡಲೇ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು. ಆ ನಗುವನ್ನೂ ಶೂಟ್ ಮಾಡಿಯೇ ಮುಂದಿನ ಕೆಲಸ. ಸತ್ತದ್ದು ಸುಳ್ಳು ಎಂದು ಯಾರಿಗೋ ತೋರಿಸಿ ಹೇಳಿದ ಹಾಗೆ. ಬೊಂಬೆ ಸತ್ತರೆ ಯಾರು ನಗಬೇಕು? ಮುಂಬೈಯ ಸಹಾಯಕ ನಿರ್ದೇಶಕ, ರಬ್ಬರಿಗೆಲ್ಲ ಇದು ಬೇಡ ಎಂದ. ನಮ್ಮ ಹಿರಿಯ ಲೈಟ್‌ಮ್ಯಾನ್ ಕೈಕಟ್ಟಿ ನಿಂತರು. ಮುಖ ಯಾರದೋ ಅವನು ಬಂದು ನಗುವ ತನಕ ಲೈಟ್ ಆರಿಸುವುದಿಲ್ಲ ಎಂದರು. ಹೊರಗೆ ಫೈಟರ್‌ಗಳ ಜೊತೆ ಅಭ್ಯಾಸ ಮಾಡುತ್ತಿದ್ದ ಹುಡುಗನನ್ನು ಕರೆಸಿದರು. ಅವನು ಬೆವರು ಒರೆಸಿಕೊಂಡು ಬೊಂಬೆಯ ಪಕ್ಕ ನಿಂತು ಹಲ್ಲು ಕಾಣುವಂತೆ ನಕ್ಕ. ಎಲ್ಲರೂ ಚಪ್ಪಾಳೆ ಹೊಡೆದರು. ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಆಮೇಲೆ ಅದನ್ನು ಮಾಡಲೇ ಇಲ್ಲ ಎಂದು ಮಾತಾಡಿಕೊಂಡವರಿದ್ದಾರೆ. ಮಾಡಿದೆವು.

ನಕ್ಕಾದ ಮೇಲೆ ಅವನು ತಿರುಗಿ ಬೊಂಬೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ.

"ಇದ್ಯಾರಕ್ಕಾ?" ಎಂದ.

ತಮಾಷೆಗೆ ಕೇಳಿದನೆಂದುಕೊಂಡೆ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಶೂಟಿಂಗ್ ಇನ್ನೂ ನಡೆಯುತ್ತಿರುವಾಗಲೇ, ಬೆಳಗಿನ ಕಾಲ್‌ಶೀಟಿಗೆ ಬೈಕಿನಲ್ಲಿ ಬರುತ್ತಿದ್ದವನು ಹೆಬ್ಬಾಳದ ಫ್ಲೈಓವರ್ ಇಳಿಯುವಲ್ಲಿ ಲಾರಿಗೆ ಸಿಕ್ಕ. ಸುದ್ದಿ ನನಗೆ ಶೆಡ್ಡಿನಲ್ಲಿ ಬಂತು. ಫೋನು ಹಿಡಿದುಕೊಂಡೇ ಕಿಟಕಿಯ ಕಡೆ ನೋಡಿದೆ. ಬಟ್ಟೆ ಜಾರಿತ್ತು. ಅವನು ಯಾವುದೋ ನಗು ತಡೆದುಕೊಂಡು ಮಲಗಿದ್ದ. ಅಲ್ಲೇ ನೆಲದ ಮೇಲೆ ಕುಳಿತೆ.

ಮುಖ ನೋಡುವಂತಿರಲಿಲ್ಲವಂತೆ. ಅವನ ಅಕ್ಕನ ಗಂಡ ಹೋಗಿ ಕೈಯ ಮೇಲಿನ ಹಚ್ಚೆ ನೋಡಿ ಗುರುತು ಹಿಡಿದರು. ಆಸ್ಪತ್ರೆಯಲ್ಲೇ ಬಟ್ಟೆ ಸುತ್ತಿ ಕೊಟ್ಟಿದ್ದರು, ಹಾಗೆಯೇ ಮಣ್ಣು ಮಾಡಿದರು. ಮರುದಿನ ಸೆಟ್ಟಿಗೆ ಹೋದರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಿರಿಯ ಲೈಟ್‌ಮ್ಯಾನ್ ನನ್ನ ಪಕ್ಕ ಬಂದು ನಿಂತು, ಕೇಬಲ್ ಸುತ್ತುತ್ತ ಮೆಲ್ಲಗೆ ಕೇಳಿದರು: "ನಗು ಅಳಿಸಿದ್ದು ನೀವಲ್ವಾ ಮೇಡಂ?"

ಬೈಯಬೇಕೆನಿಸಿತು. ತುಟಿ ಇಳಿಸುವುದು ನನ್ನ ಕೆಲಸ, ಲಾರಿ ನನ್ನದಲ್ಲ ಎಂದು ಹೇಳಬೇಕೆನಿಸಿತು. ಆದರೆ ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡು ಹೋದೆ. ಅದು ಮೂರ್ಖ ಮಾತು ಎಂದು ಗೊತ್ತಿದ್ದೂ ಹೊತ್ತುಕೊಂಡು ಹೋದೆ.

ಅವನ ಅಕ್ಕ ನನ್ನನ್ನು ಹುಡುಕಿಕೊಂಡು ಅಬ್ಬಿಗೆರೆಗೆ ಬಂದದ್ದು ಅದಾದ ಕೆಲವು ದಿನಕ್ಕೆ. ಕಾಲೇಜಿನ ಆಫೀಸೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಬಾಗಿಲಲ್ಲೇ ನಿಂತು, "ಅಕ್ಕಾ, ಅವನ ಮುಖ ನಿಮ್ಮತ್ರ ಇದೆಯಂತಲ್ಲ" ಎಂದಳು. ಒಳಗೆ ಕರೆದು ನೀರು ಕೊಟ್ಟೆ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅಮ್ಮ ಮಗನ ಮುಖ ನೋಡಿಲ್ಲ. ಬಟ್ಟೆ ಸುತ್ತಿ ತಂದದ್ದು ಬೇರೆ ಯಾರನ್ನೋ, ನನ್ನ ಮಗ ಶೂಟಿಂಗಿಗೆ ಮುಂಬೈಗೆ ಹೋಗಿದ್ದಾನೆ ಎನ್ನುತ್ತಾಳೆ. ಊಟ ಬಿಟ್ಟಿದ್ದಾಳೆ. ಅವನ ತಟ್ಟೆಗೆ ಬಡಿಸಿಟ್ಟು ಗೇಟಿನಲ್ಲಿ ಕೂರುತ್ತಾಳೆ. ತಿಥಿ ಎಂಬ ಮಾತೆತ್ತಿದವರ ಮೇಲೆ ಸೆಗಣಿ ಬುಟ್ಟಿ ಎತ್ತಿ ಎಸೆದಿದ್ದಾಳೆ. ನೆಂಟರು ಅವಳನ್ನು ಒಳಗೆ ಕೂಡಿಹಾಕಿ ಕಾರ್ಯ ಮುಗಿಸೋಣ ಎನ್ನುತ್ತಿದ್ದಾರೆ. ಹೀಗೇ ಬಿಟ್ಟರೆ ಅಮ್ಮನೂ ಉಳಿಯುವುದಿಲ್ಲ ಎಂದಳು.

ಹೇಳುತ್ತಿರುವಾಗಲೇ ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಎದ್ದು ಹೋಗಿ ಮೊದಲನೆಯ ಮುಖವನ್ನು ನೋಡಿದಳು. ಅಳಲಿಲ್ಲ, ಮುಟ್ಟಲೂ ಇಲ್ಲ. ಇದು ಬೇಡ ಎಂದಳು. ಚಿಕ್ಕಂದಿನಿಂದ ಅವನು ಬೆಳಿಗ್ಗೆ ಹಾಲು ಹಾಕಲು ಹೋಗುವುದನ್ನು ತಪ್ಪಿಸಿಕೊಳ್ಳಲು ನಿದ್ದೆಯ ನಾಟಕ ಆಡುತ್ತಿದ್ದನಂತೆ. ಆಗ ತುಟಿಯ ಈ ತುದಿ ಹೀಗೇ ಏಳುತ್ತಿತ್ತಂತೆ. ಅಮ್ಮ ಅದನ್ನು ನೋಡಿಯೂ ನೋಡದವರ ಹಾಗೆ, ಹಾಲು ನಾನೇ ಹಾಕಿಬರುತ್ತೇನೆ ನೀನು ಮಲಗಿಕೋ ಎಂದು ಕಿವಿಯಲ್ಲಿ ಹೇಳಿದರೆ ಸಾಕು, ನಕ್ಕುಬಿಟ್ಟು ಎದ್ದು ಕ್ಯಾನು ಹಿಡಿಯುತ್ತಿದ್ದನಂತೆ.

"ಇದನ್ನ ನೋಡಿದ್ರೆ ಮಲಗಿದ್ದಾನೆ ಅಂತಾಳೆ. ಅವಳಿಗೆ ಸತ್ತಿರೋನನ್ನ ತೋರಿಸ್ಬೇಕು ಅಕ್ಕಾ."

ಶವಾಗಾರದ ದೃಶ್ಯದಲ್ಲಿದ್ದ ಸತ್ತ ಮುಖ ಸೆಟ್ಟಿನಿಂದ ರಿಪೇರಿಗೆಂದು ನನ್ನಲ್ಲಿಗೇ ಬಂದಿತ್ತು. ಪ್ರೊಡಕ್ಷನ್ ಮ್ಯಾನೇಜರಿಗೆ ಫೋನು ಮಾಡಿ ಕೇಳಿದೆ. ಸಿನಿಮಾ ಬಿಡುಗಡೆಯಾಗುವ ತನಕ ಬೊಂಬೆಯನ್ನು ಹೊರಗಿನವರಿಗೆ ತೋರಿಸುವಂತಿಲ್ಲ ಎಂದರು. ತಾಯಿ ಹೊರಗಿನವಳಲ್ಲ ಎಂದು ಹೇಳಿ ಫೋನಿಟ್ಟೆ. ಹಣೆಯ ತೂತಿಗೆ ಸಿಲಿಕಾನ್ ತುಂಬಿ ಬಣ್ಣ ಕೂಡಿಸಿದೆ, ದೃಶ್ಯಕ್ಕೆಂದು ಹಾಕಿದ್ದ ಹೊಲಿಗೆ ಬಿಚ್ಚಿದೆ, ಒಣಗಿದ ರಕ್ತ ತೊಳೆದೆ. ಬೂದು ಮೈಬಣ್ಣ ಹಾಗೇ ಬಿಟ್ಟೆ. ಈ ಮುಖಕ್ಕೆ ನಾನು ಎಷ್ಟು ಕಷ್ಟಪಟ್ಟಿದ್ದೆನೋ ಅಷ್ಟೂ ಇದಕ್ಕಾಗಿಯೇ ಇತ್ತೇನೋ ಎಂದು ಸಮಾಧಾನವೂ ಆಯಿತು.

ಮರುದಿನ ಮಧ್ಯಾಹ್ನ ಮಗಳು ತಾಯಿಯನ್ನು ಆಟೋದಲ್ಲಿ ಕರೆತಂದಳು. ಸಣ್ಣ ಮೈಯ ಹೆಂಗಸು. ಸೆರಗು ಬಿಗಿದು ಕಟ್ಟಿ, ಕೆಲಸದ ನಡುವೆ ಎದ್ದು ಬಂದವರ ಹಾಗಿದ್ದರು. ಗೋಡೆಯ ಕೈಕಾಲುಗಳನ್ನು ನೋಡಿ ಹೆದರಲಿಲ್ಲ. ಕಿಟಕಿಯ ಕಡೆಯ ಮಂಚಕ್ಕೆ ನಾನು ಪರದೆ ಎಳೆದಿದ್ದೆ. ಸತ್ತ ಮುಖವಿದ್ದ ಮೇಜಿನ ಮುಂದೆ ನಿಂತು ಅವರೇ ಬಟ್ಟೆ ಸರಿಸಿದರು. ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಕಿವಿಯ ಹಿಂದೆ ಬೆರಳಾಡಿಸಿದರು. ತಗಡಿನ ಸೂರು ಬಿಸಿಲಿಗೆ ಚಟಚಟ ಎನ್ನುತ್ತಿತ್ತು.

"ಇವ್ನು ನನ್ ಮಗ ಅಲ್ಲ ಕಣಮ್ಮ. ಯಾರೋ ಪಾಪ" ಎಂದರು. ಆಮೇಲೆ ಮಗಳ ಕಡೆ ತಿರುಗಿದರು. "ನಾನ್ ಏಳ್ನಿಲ್ವಾ? ನಡಿ ಓಗಾನ."

ಅವರ ಮುಖ ತಿಳಿಯಾಗಿತ್ತು. ಅದನ್ನು ನೋಡಿ ನನಗೆ ಭಯವಾಯಿತು. ಕಣ್ಣಾರೆ ಕಂಡದ್ದಕ್ಕೆ ಎದುರು ಮಾತಿಲ್ಲ. ಈ ಬಾಗಿಲು ದಾಟಿದರೆ ಇನ್ನು ಜನ್ಮದಲ್ಲಿ ಯಾರೂ ಅವರನ್ನು ನಂಬಿಸಲಾರರು. ಗೇಟಿನಲ್ಲಿ ಕೂತೇ ಸಾಯುತ್ತಾರೆ. ಮಗಳು ಗೋಡೆ ಹಿಡಿದು ನಿಂತಿದ್ದಳು. ಇದ್ಯಾರಕ್ಕಾ ಎಂದು ಅವನೂ ಕೇಳಿದ್ದ. ಅವನಿಗೇ ಗುರುತು ಸಿಗದ ಮುಖವನ್ನು ಅವನ ತಾಯಿಯ ಮುಂದಿಟ್ಟಿದ್ದೆ. ನಿರ್ದೇಶಕರಿಗೆ ಬೇಕಾಗಿದ್ದದ್ದು ಒಂದು ಹೆಣ. ಈಕೆ ಕೇಳಿದ್ದು ಮಗನನ್ನು.

"ಅಮ್ಮಾ, ನಿಂದ್ರಿ" ಎಂದೆ. ಮಗಳು ಬೇಡ ಎಂದು ತಲೆಯಾಡಿಸಿದಳು. ನಾನು ಪರದೆ ಸರಿಸಿದೆ.

ಬಟ್ಟೆ ಎಂದಿನಂತೆ ಜಾರಿ ನೆಲದಲ್ಲಿತ್ತು. ತಾಯಿ ನಿಂತಲ್ಲೇ ನಿಂತರು. ಆಮೇಲೆ ಅವರ ಮುಖ ಅರಳಿದ್ದನ್ನು ನಾನು ಬದುಕಿರುವ ತನಕ ಮರೆಯಲಾರೆ.

"ಕಳ್ ನನ್ಮಗ. ನಾಟ್ಕ ಆಡ್ತಾವ್ನೆ" ಎಂದರು.

ಹತ್ತಿರ ಹೋಗಿ ಮಂಚದ ಅಂಚಿನಲ್ಲಿ ಕುಳಿತರು. ಕೆನ್ನೆಯ ಮೇಲೆ ಅಂಗೈ ಇಟ್ಟರು. ಸಿಲಿಕಾನ್ ಮೊದಲು ತಣ್ಣಗಿರುತ್ತದೆ, ಕೈಯಿಟ್ಟರೆ ಕೈಯ ಬಿಸಿ ಹೀರಿಕೊಂಡು ಮೈಯಷ್ಟೇ ಬೆಚ್ಚಗಾಗುತ್ತದೆ. ಅದನ್ನು ನೆನೆದು ಏನು ಮಾಡಿಬಿಟ್ಟೆ ಅನಿಸಿತು. ಅವರು ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟು, ಎಚ್ಚರವಿರುವ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು.

"ಆಲು ನಾನೇ ಆಕ್ಬತ್ತೀನಿ. ನೀನು ಮಲ್ಕೋ ಮಗ."

ಹೇಳಿ, ತಲೆ ಸ್ವಲ್ಪ ಹಿಂದಕ್ಕೆ ತೆಗೆದು, ತುಟಿಯ ಆ ತುದಿಯನ್ನೇ ನೋಡುತ್ತ ಕುಳಿತರು. ನಾನೂ ನೋಡಿದೆ. ಸುಳ್ಳು ಹೇಳುವುದಿಲ್ಲ, ನನಗೂ ಅದು ಅಲುಗೀತು ಅನಿಸಿತ್ತು. ನನ್ನ ಕೈಯಿಂದಲೇ ಸುರಿದು, ನನ್ನ ಕೈಯಿಂದಲೇ ಹುಬ್ಬು ನೆಟ್ಟ ಮುಖ. ಅದು ಈಗ ನಗುತ್ತದೆ ಎಂದು ಕಾಯುತ್ತ ನಿಂತಿದ್ದೆ. ಅವರು ಇನ್ನೊಂದು ಸಲ ಅದೇ ಮಾತು ಹೇಳಿದರು. ಕಾದರು. ಹೊರಗೆ ಯಾರದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಶುರುವಾಗಿ ನಿಂತಿತು.

ತಾಯಿ ಕೆನ್ನೆಯ ಮೇಲಿಂದ ಕೈ ತೆಗೆದರು.

"ಇಷ್ಟೊತ್ಗೆ ನಕ್ಬುಡ್ತಿದ್ದ ಕಣಮ್ಮ" ಎಂದರು.

ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಮಗಳು ಹೋಗಿ ಅವರ ಕಾಲ ಬಳಿ ಕುಳಿತಳು. ಆಗ ತಾಯಿಗೆ ಅಳು ಬಂತು. ದೊಡ್ಡ ದನಿಯ ಅಳುವಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಮೈಯೆಲ್ಲ ಅಲುಗಿಸುವ ಅಳು. ನಾನು ಗೋಡೆಯ ಕಡೆ ತಿರುಗಿ ನಿಂತು ನನ್ನ ಅಳು ಅತ್ತೆ. ಎಷ್ಟೋ ಹೊತ್ತಿನ ಮೇಲೆ ಅವರು ಮೂಗು ಒರೆಸಿಕೊಂಡು, ತಿಥಿಗೆ ನನ್ನ ಅಣ್ಣಂದಿರಿಗೆ ಹೇಳಿಕಳಿಸು ಎಂದು ಮಗಳಿಗೆ ಹೇಳಿದರು. ನಾನು ಕೊಟ್ಟ ನೀರು ಪೂರ್ತಿ ಕುಡಿದರು.

ಮುಖವನ್ನು ತೆಗೆದುಕೊಂಡು ಹೋಗುತ್ತೀರಾ ಎಂದು ಕೇಳಿದೆ. ಬೇಡ ಎಂದರು. ನೆಲದ ಮೇಲಿದ್ದ ಬಟ್ಟೆ ಎತ್ತಿ ಕೊಡವಿ, ಅವನಿಗೆ ತಲೆತನಕ ಹೊದಿಸಿದರು. ಹೊದಿಸಿ, ಚಳಿಗೆ ಮಲಗಿದ ಮಕ್ಕಳಿಗೆ ಮಾಡುವ ಹಾಗೆ ಅಂಚನ್ನು ತಲೆಯ ಕೆಳಗೆ, ಭುಜದ ಕೆಳಗೆ ಮಡಿಚಿ ಸಿಕ್ಕಿಸಿದರು. ಮತ್ತೆ ತಿರುಗಿ ನೋಡದೆ ಮಗಳ ಕೈ ಹಿಡಿದು ಆಟೋ ಹತ್ತಿದರು.

ಹೊದಿಕೆಯ ಅಂಚನ್ನು ಹಾಗೆ ಸಿಕ್ಕಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಹೊಸ್ತಿಲಲ್ಲಿ ಸ್ವಲ್ಪ ನಿಂತೆ. ಒಳಗೆ ಹೋಗಿ ನೋಡಿದರೆ ಅವರು ಹೊದಿಸಿದ ಬಟ್ಟೆ ಹೊದಿಸಿದ ಹಾಗೆಯೇ ಇತ್ತು.